"ಮುಟ್ಬೇಡಿ" ಅನ್ನೋ ಇಂಟರಾಕ್ಟಿವ್ ಕಲೆ ಮತ್ತು ನಮ್ಮ ಚಂದ್ರಮಂಡಲ

ಮೊನ್ನೆ ಬೆಂಗಳೂರಿನಲ್ಲಿ ಒಂದು ಕಲಾಪ್ರದರ್ಶನಕ್ಕೆ ಹೋಗಿದ್ದೆ. ಬಾಗಿಲಲ್ಲೇ "ಇಂಟರಾಕ್ಟಿವ್ ಇನ್‌ಸ್ಟಲೇಶನ್" ಅಂತ ಬೋರ್ಡು. ಒಳಗೆ ನೇತುಹಾಕಿದ್ದ ದಾರವೊಂದನ್ನು ಸುಮ್ಮನೆ ಮುಟ್ಟಿದೆ ನೋಡಿ, ಕಾವಲಿನವನು ಓಡಿ ಬಂದು "ಸಾರ್, ಮುಟ್ಬೇಡಿ" ಅಂದ! ನಗು ಬಂತು :) ಆದರೆ ಹೊರಗೆ ಬಂದಮೇಲೆ ಜೊತೆಗಿದ್ದ ಗೆಳೆಯ ಹೇಳಿದ ಮಾತಿಗೆ ಮಾತ್ರ ನಗು ಬರಲಿಲ್ಲ. "ಇಂಥದ್ದನ್ನ ನಿಮ್ಮ ಕೊಳ್ಳೇಗಾಲದಲ್ಲಿ ಇಟ್ರೆ ಯಾರಿಗೆ ಅರ್ಥ ಆಗುತ್ತೆ ಗುರೂ?"

ಆ ಮಾತಿಗೇ ಈ ಪೋಸ್ಟು.

ಗೆಳೆಯಾ, ಜನವರಿ ಹುಣ್ಣಿಮೆಗೆ ಒಮ್ಮೆ ಚಿಕ್ಕಲ್ಲೂರಿಗೆ ಬಾ. ಸಿದ್ದಪ್ಪಾಜಿ ಜಾತ್ರೆ, ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರಿನಲ್ಲಿ ಕಿರೀಟದ ಆಕಾರಕ್ಕೆ ಕಟ್ಟಿ, ಬಟ್ಟೆ ಸುತ್ತಿ, ಎಣ್ಣೆ ಹಾಕಿ ಬೆಂಕಿ ಹಚ್ಚುತ್ತಾರೆ. ಅದನ್ನು ಕಟ್ಟೋದರಲ್ಲಿ ಬೇರೆ ಬೇರೆ ಸಮುದಾಯದವರಿಗೆ ಪಾಲಿದೆ. ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತೋ ಆ ದಿಕ್ಕಿನಲ್ಲಿ ಮಳೆ ಬೆಳೆ ಚೆನ್ನ ಅನ್ನೋ ನಂಬಿಕೆ. ಸಾವಿರಾರು ಜನ ತಂತಮ್ಮ ಊರಿನ ದಿಕ್ಕು ನೋಡಿಕೊಂಡು ನಿಂತಿರ್ತಾರೆ. ಬೆಳಗಾಗೋ ಹೊತ್ತಿಗೆ ಕೃತಿ ಬೂದಿ. ಮಾರೋಕೂ ಇಲ್ಲ, ಮ್ಯೂಸಿಯಮ್ಮಿನಲ್ಲಿ ಇಡೋಕೂ ಇಲ್ಲ.

ಅದೇ ಜಾತ್ರೆಯ ಪಂಕ್ತಿಸೇವೆ ಇನ್ನೊಂದು. ಬಿಡಾರ ಹೂಡಿ, ಅಡುಗೆ ಮಾಡಿ, ಜಾತಿ ಭೇದ ಬಿಟ್ಟು ಸಾಲಾಗಿ ಕೂತು ಉಣ್ಣೋದು. 1992ರಲ್ಲಿ ರಿರ್ಕ್ರಿತ್ ತಿರವನಿಜ ಅನ್ನೋ ಥಾಯ್ ಕಲಾವಿದ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಅನ್ನ ಸಾರು ಬೇಯಿಸಿ ಬಂದವರಿಗೆಲ್ಲ ಬಡಿಸಿದ. ಅದರ ಮೇಲೆ ಪುಸ್ತಕಗಳೇ ಬಂದವು. ಬರಲಿ, ಒಳ್ಳೆ ಕೆಲಸವೇ. ಆದರೆ ಅನ್ನ ಬಡಿಸೋದು ಕಲೆ ಅಂತ ಅಲ್ಲಿಯವರಿಗೆ ಅರ್ಥವಾಗೋದಾದ್ರೆ ನಮ್ಮವರಿಗೆ ಯಾಕೆ ಆಗಲ್ಲ?

ಇಷ್ಟು ಹೇಳಿ "ನಮ್ಮ ಹಿರಿಯರು ಎಲ್ಲಾ ಆಗಲೇ ಮಾಡಿಬಿಟ್ಟಿದ್ರು" ಅಂತ ಎದೆ ತಟ್ಟಿಕೊಳ್ಳೋ ಜಾತಿಯವನು ನಾನಲ್ಲ. ಪಂಕ್ತಿಯಲ್ಲಿ ಒಟ್ಟಿಗೆ ಉಂಡವರು ಊರಿಗೆ ಹೋದಮೇಲೆ ಮತ್ತೆ ಅವರವರ ಕೇರಿಗೇ ಹೋಗ್ತಾರೆ, ಅದೂ ಗೊತ್ತು. ಹೊಸ ಕಲಾವಿದರು ಬೇಕೇ ಬೇಕು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರನ್ನೇ ನೋಡಿ. ವಾಹನಗಳಿಗೆ ದೃಷ್ಟಿಯಾಗದಿರಲಿ ಅಂತ ಕಟ್ಟೋ ಕೂದಲಿನ ಹಗ್ಗವನ್ನು ಕಾರಿನ ಬಂಪರುಗಳ ಜೊತೆ ಸೇರಿಸಿ ಅವರು ಮಾಡಿದ "ಬಿಹೋಲ್ಡ್" 2009ರಲ್ಲಿ ವೆನಿಸ್ ಬಿಯನಾಲೆಗೆ ಹೋಯಿತು. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದ ಹನೂರಿನ ಹೆಂಗಸಿಗೆ ಆ ಕೂದಲಿನ ರಾಶಿಯ ಮುಂದೆ ಏನೂ ಅನ್ನಿಸಲ್ವಾ? ಕ್ಯಾಟಲಾಗು ಓದಿದ ನಮಗಿಂತ ಮೊದಲು ಅವಳಿಗೇ ಅನ್ನಿಸುತ್ತೆ ಕಣ್ರೀ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಕಂಸಾಳೆಗೆ ನಾವು ಮಾಡ್ತಿರೋದನ್ನ ನೋಡಿ. ಎಡಗೈಲಿ ಬಟ್ಟಲಿನಂಥ ಭಾರದ ತಾಳ, ಬಲಗೈಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ದೇವರಗುಡ್ಡರು ಇಡೀ ರಾತ್ರಿ ಮಾದಪ್ಪನ ಕಥೆ ಹಾಡ್ತಾರೆ. ಸಂಕಮ್ಮನ ಸಾಲೋ, ಬೇವಿನಹಟ್ಟಿ ಕಾಳಮ್ಮನ ಸಾಲೋ, ಕರೆಸಿದ ಮನೆಯವರು ಕೇಳಿದ್ದು. ಕೂತವರು ನಡುನಡುವೆ "ಉಘೇ" ಅಂದಷ್ಟೂ ಹಾಡೋನಿಗೆ ಹುರುಪು. ಕೇಳೋರು ಬದಲಾದ್ರೆ ಕಥೆಯ ನಡಿಗೆಯೂ ಬದಲಾಗುತ್ತೆ. ಇಂಟರಾಕ್ಟಿವ್ ಅಂದ್ರೆ ಇದೇ ಅಲ್ವಾ?

ಈಗ? ಮಂತ್ರಿಗಳ ಕಾರು ಬಂತು ಅಂದ್ರೆ ಬೀಸು ಕಂಸಾಳೆಯವರನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸೋದು. ವೇದಿಕೆ ಮೇಲೆ ಹತ್ತು ನಿಮಿಷ, ಅದೂ ಭಾಷಣ ಜಾಸ್ತಿಯಾದ್ರೆ ಐದು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನಾವು ಮೊಬೈಲಿನಲ್ಲಿ ಹಿಡ್ಕೊಂಡು ಚಪ್ಪಾಳೆ ತಟ್ಟಿ ಎದ್ದು ಬರ್ತೀವಿ. ಗ್ಯಾಲರಿಯವನು ಬಾಯಿಬಿಟ್ಟು "ಮುಟ್ಬೇಡಿ" ಅಂತಾನೆ, ನಾವು ಹೇಳದೇನೇ ಅದನ್ನ ಮಾಡಿಬಿಟ್ಟಿದ್ದೀವಿ. ಕೇಳೋರಿಂದ ಕಿತ್ತುಕೊಂಡ ಮೇಲೆ ಕಂಸಾಳೆ ಉಳಿಯೋದು ಕಸರತ್ತಾಗಿ ಮಾತ್ರ, ಕಥೆ ಉಳಿಯಲ್ಲ.

ಡಿಸೈನಿನವರದ್ದೂ ಅದೇ ಕಥೆ. ಕಂಸಾಳೆಯ ಚಿತ್ರ ಬ್ಯಾನರಿಗೆ ಬೇಕು, ಆಮಂತ್ರಣಕ್ಕೆ ಬೇಕು. ಹಿಡಿದ ಕೈ ಯಾರದ್ದು ಅಂತ ಹೆಸರು ಹಾಕೋದಿಲ್ಲ. ಯಳಂದೂರಿನ ಬಳೆಮಂಟಪದ ಮುಂದೆ ನಿಂತು ಆ ಕಲ್ಲಿನ ಬಳೆಗಳನ್ನ ನೋಡಿ ಆಹಾ ಅಂತೀವಿ. ಕಟ್ಟಿಸಿದವರು ಯಾರು ಅಂತ ಕೇಳ್ತೀವಿ, ಕಡೆದವರು ಯಾರು ಅಂತ ಕೇಳಲ್ಲ. ನಮ್ಮ ಹಳೇ ರೋಗ ಇದು.

ಹಾಗಾಗಿ ಕೊಳ್ಳೇಗಾಲದ ಕಡೆ "ಪ್ರಾಜೆಕ್ಟ್" ಹಿಡ್ಕೊಂಡು ಬರೋ ಕಲಾವಿದ ಮಿತ್ರರಿಗೆ, ಕಾರ್ಯಕ್ರಮ ಮಾಡೋ ಸಂಘದವರಿಗೆ ನನ್ನದು ಮೂರೇ ಮಾತು. ಹಾಡೋರಿಗೆ ಹತ್ತು ನಿಮಿಷ ಅಲ್ಲ, ಒಂದು ರಾತ್ರಿ ಕೊಡಿ. ಊಟ, ಬಸ್ ಚಾರ್ಜು ಕೊಟ್ಟು ಕೈತೊಳ್ಕೊಳ್ಳದೆ ಕಲಾವಿದರಿಗೆ ಕೊಡೋ ಹಾಗೆ ಸಂಭಾವನೆ ಕೊಡಿ, ಹೆಸರು ಹಾಕಿ. ಕೊನೆಗೆ, ನಮ್ಮ ಜನರನ್ನ ಪ್ರೇಕ್ಷಕರು ಅಂತ ದೂರ ಕೂರಿಸ್ಬೇಡಿ. ಅವರ ಕೈ ಸೇರಿದಾಗ ನಿಮ್ಮ ಕೃತಿ ಬದಲಾಗೋಕೆ ಬಿಡ್ತೀರಾ? ಬಿಡೋದಾದ್ರೆ ಬನ್ನಿ. ಇಲ್ಲದಿದ್ರೆ ಬೋರ್ಡಿನಲ್ಲಿರೋ "ಇಂಟರಾಕ್ಟಿವ್" ಅನ್ನೋ ಪದ ಅಳಿಸಿಬಿಡಿ.

ಗೆಳೆಯನಿಗೆ ಮಾತ್ರ ಚಿಕ್ಕಲ್ಲೂರಿಗೆ ಬಾ ಅಂತ ಹೇಳಿದ್ದೀನಿ. ಉಣ್ಣೋಕೆ ಕೂತಮೇಲೆ ಯಾರಿಗೆ ಏನು ಅರ್ಥ ಆಗುತ್ತೋ ನೋಡೋಣ :)

ನೀವೇನಂತೀರಾ?