ಇಂಗ್ಲಿಷ್ ಕ್ರಿಯಾಪದಗಳ ಸಹವಾಸ ಮತ್ತು ಕನ್ನಡದ ಕ್ರಿಯಾಸಮಾಸ

ಕನ್ನಡದ ವಿದ್ಯಾರ್ಥಿ ಪರೀಕ್ಷೆಯನ್ನು 'ಬರೆಯುತ್ತಾನೆ'. ಹಿಂದಿ ಭಾಷಿಕನು ಅದನ್ನು 'ಕೊಡುತ್ತಾನೆ'. ಇಂಗ್ಲಿಷ್ ಭಾಷಿಕನು 'ತೆಗೆದುಕೊಳ್ಳುತ್ತಾನೆ'. ಬ್ರಿಟನ್ನಿನಲ್ಲಾದರೆ ಪರೀಕ್ಷೆಗೆ 'ಕೂರುವುದೂ' ಉಂಟು. ಕಾರ್ಯ ಒಂದೇ, ಕ್ರಿಯಾಪದಗಳು ನಾಲ್ಕು. ಇವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದು ತರ್ಕದ ಬಲದಿಂದ ಸಾಧಿಸಲಾಗದು. ಕನ್ನಡಿಗನು 'ರೈಟ್ ದಿ ಎಕ್ಸಾಮ್' ಎಂದಾಗ ಇಂಗ್ಲಿಷ್ ವ್ಯಾಕರಣದ ಯಾವ ಸೂತ್ರವೂ ಭಂಗವಾಗುವುದಿಲ್ಲ. ಕೆನಡಾದ ಇಂಗ್ಲಿಷಿನಲ್ಲಿ ಅದು ರೂಢಿಯ ಪ್ರಯೋಗವೇ ಆಗಿದೆ. ಆದರೂ ಇಂತಹ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ವ್ಯಾಕರಣ ಬಾರದು ಎಂಬ ತೀರ್ಪು ನೀಡುವುದು ವಾಡಿಕೆಯಾಗಿದೆ. ಈ ತೀರ್ಪು ಸಮಸ್ಯೆಯ ಮೂಲವನ್ನು ತಪ್ಪಾಗಿ ಗುರುತಿಸುತ್ತದೆ. ತೊಡಕಿರುವುದು ಹೆಚ್ಚಾಗಿ ವ್ಯಾಕರಣದಲ್ಲಲ್ಲ, ಯಾವ ಕ್ರಿಯಾಪದ ಯಾವ ನಾಮಪದವನ್ನು ಕೂಡುತ್ತದೆ, ಯಾವ ಉಪಸರ್ಗಾವ್ಯಯವನ್ನು ಜೊತೆಗೆ ಬೇಡುತ್ತದೆ ಎಂಬ ಪದಸಹವಾಸದಲ್ಲಿ. ಅದನ್ನು ವಿವರಿಸಲು ಬೇಕಾದ ಪರಿಕಲ್ಪನೆ ಕನ್ನಡ ವ್ಯಾಕರಣ ಪರಂಪರೆಯಲ್ಲಿ ಈಗಾಗಲೇ ಇದೆ ಎಂಬುದು ಇಲ್ಲಿ ಪ್ರತಿಪಾದ್ಯವಾದ ವಿಚಾರ.

ಇಂಗ್ಲಿಷಿನ ನಿತ್ಯ ಬಳಕೆಯಲ್ಲಿ 'ಟೇಕ್', 'ಮೇಕ್', 'ಹ್ಯಾವ್', 'ಗಿವ್', 'ಡು' ಮುಂತಾದ ಕೆಲವೇ ಧಾತುಗಳು ಬಹುಪಾಲು ಭಾರವನ್ನು ಹೊರುತ್ತವೆ. 'ಟೇಕ್ ಎ ವಾಕ್', 'ಗಿವ್ ಎ ಸ್ಪೀಚ್', 'ಮೇಕ್ ಎ ಮಿಸ್ಟೇಕ್', 'ಹ್ಯಾವ್ ಎ ಲುಕ್' ಎಂಬಲ್ಲಿ ಅರ್ಥದ ತಿರುಳು ನಾಮಪದದಲ್ಲಿದೆ. ಕ್ರಿಯಾಪದವು ಕಾಲ, ಪುರುಷಗಳನ್ನು ಸೂಚಿಸುವುದಕ್ಕಷ್ಟೇ ಬಹುಮಟ್ಟಿಗೆ ಸೀಮಿತವಾಗಿದೆ. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ ಇಂಗ್ಲಿಷ್ ವ್ಯಾಕರಣ ಕುರಿತ ತನ್ನ ಬೃಹದ್ಗ್ರಂಥದ 1942ರ ಸಂಪುಟದಲ್ಲಿ ಇವನ್ನು 'ಹಗುರ ಕ್ರಿಯಾಪದ'ಗಳೆಂದು ಕರೆದನು. ಹಗುರವೆಂದ ಮಾತ್ರಕ್ಕೆ ಇವು ಅರ್ಥಶೂನ್ಯವಲ್ಲ. ಇಂಗ್ಲಿಷಿನಲ್ಲಿ 'ಹ್ಯಾವ್ ಎ ಡ್ರಿಂಕ್' ಎನ್ನಬಹುದು, 'ಹ್ಯಾವ್ ಎನ್ ಈಟ್' ಎನ್ನುವಂತಿಲ್ಲ. ಇದು ಏಕೆ ಹೀಗೆಂಬ ಪ್ರಶ್ನೆಯನ್ನೇ ಎತ್ತಿಕೊಂಡು ಆನಾ ವಿಯರ್ಜ್‌ಬಿಟ್ಸ್‌ಕಾ 1982ರಲ್ಲಿ ಬರೆದ ಪ್ರಬಂಧವು, ಸ್ವಲ್ಪ ಹೊತ್ತು ನಡೆಯುವ, ಮತ್ತೆ ಮತ್ತೆ ಮಾಡಬಹುದಾದ, ಮಾಡುವವನ ಅನುಭವವೇ ಮುಖ್ಯವಾದ ಕ್ರಿಯೆಗಳು ಈ ರಚನೆಗೆ ಒಗ್ಗುತ್ತವೆಂದು ತೋರಿಸಿತು. ಕನ್ನಡದಲ್ಲಿ 'ನೋಡು' ಎಂಬುದಕ್ಕೂ 'ಕಣ್ಣಾಡಿಸು' ಎಂಬುದಕ್ಕೂ, 'ನಡೆ' ಎಂಬುದಕ್ಕೂ 'ಒಂದು ಸುತ್ತು ಹಾಕು' ಎಂಬುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ಅಪರಿಚಿತವಾದ ಸೂಕ್ಷ್ಮವಲ್ಲ.

ಪದಸಹವಾಸದ ಅಧ್ಯಯನದ ಇತಿಹಾಸದಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಜೆ. ಆರ್. ಫರ್ತ್ 1951ರಲ್ಲಿ ಇದನ್ನು ಅರ್ಥಮೀಮಾಂಸೆಯ ಒಂದು ಸ್ತರವೆಂದು ಸಿದ್ಧಾಂತೀಕರಿಸುವುದಕ್ಕೆ ಮುಂಚೆಯೇ, 1933ರಲ್ಲಿ, ಹೆರಾಲ್ಡ್ ಪಾಮರ್ ಇಂಗ್ಲಿಷ್ ಪದಸಂಯೋಗಗಳ ವರದಿಯೊಂದನ್ನು ಟೋಕಿಯೋದಲ್ಲಿ ಪ್ರಕಟಿಸಿದ್ದನು. ಅವನ ಸಹವರ್ತಿ ಎ. ಎಸ್. ಹಾರ್ನ್‌ಬಿ ಮತ್ತಿತರರು ಸಿದ್ಧಪಡಿಸಿದ ಕಲಿಕಾರ್ಥಿಗಳ ಇಂಗ್ಲಿಷ್ ನಿಘಂಟು 1942ರಲ್ಲಿ ಹೊರಬಂದುದೂ ಜಪಾನಿನಲ್ಲಿಯೇ. ಇಂಗ್ಲಿಷಿನ ಈ ಗುಣ ಮೊದಲು ವ್ಯವಸ್ಥಿತವಾಗಿ ದಾಖಲಾದುದು ಇಂಗ್ಲೆಂಡಿನಲ್ಲಲ್ಲ, ಅನ್ಯಭಾಷಿಕರಿಗೆ ಇಂಗ್ಲಿಷ್ ಕಲಿಸುತ್ತಿದ್ದ ತರಗತಿಗಳ ಹಿನ್ನೆಲೆಯಲ್ಲಿ. ತನ್ನ ಭಾಷೆಯ ರೂಢಿ ತನಗೆ ಕಾಣುವುದಿಲ್ಲ; ಎಡವಿದವನಿಗೆ ಮಾತ್ರ ಕಲ್ಲು ಕಾಣುತ್ತದೆ. ಈ ದೃಷ್ಟಿಯಿಂದ, ಎರಡೂ ಭಾಷೆಗಳ ನಡುವೆ ದಿನವೂ ಓಡಾಡುವ ಕನ್ನಡ ಸಂಶೋಧಕನ ಸ್ಥಾನ ಕೊರತೆಯದಲ್ಲ, ಅನುಕೂಲದ್ದು.

ಕೇಶಿರಾಜನ ಶಬ್ದಮಣಿದರ್ಪಣದ ಸಮಾಸಪ್ರಕರಣದಲ್ಲಿ ಬರುವ ಕ್ರಿಯಾಸಮಾಸವು ಇಲ್ಲಿ ನೆರವಿಗೆ ಬರುತ್ತದೆ. 'ಮೈದೊಳೆ', 'ಕಣ್ದೆರೆ', 'ಕೈಮುಗಿ' ಮುಂತಾದವುಗಳಲ್ಲಿ ನಾಮಪದವು ವಿಭಕ್ತಿಪ್ರತ್ಯಯವನ್ನು ಕಳೆದುಕೊಂಡು ಕ್ರಿಯೆಯೊಂದಿಗೆ ಬೆಸೆದುಕೊಳ್ಳುತ್ತದೆ. ಅಪ್ರಾಣಿವಾಚಕಗಳಲ್ಲಿ ದ್ವಿತೀಯಾ ಪ್ರತ್ಯಯದ ಲೋಪ ಕನ್ನಡದಲ್ಲಿ ಸಾಮಾನ್ಯವೆಂಬುದು ನಿಜ. 'ನೀರು ಕುಡಿ' ಎಂಬುದನ್ನು 'ನೀರನ್ನು ಕುಡಿ' ಎಂದರೆ ಅರ್ಥ ಕೆಡದು. ಆದರೆ 'ಅವನು ಕೈ ಕೊಟ್ಟನು' ಎಂಬುದು ಬೇರೆ, 'ಅವನು ಕೈಯನ್ನು ಕೊಟ್ಟನು' ಎಂಬುದು ಬೇರೆ. ಮೊದಲನೆಯದರಲ್ಲಿ ಕೈ ಎಂಬುದು ಅಂಗವಾಚಕವಾಗಿ ಉಳಿದಿಲ್ಲ. ಅದು ಕ್ರಿಯೆಯ ಭಾಗವಾಗಿದೆ.

ಇಂಗ್ಲಿಷಿನಲ್ಲಿ ನಾಮಪದಕ್ಕೆ ವಿಭಕ್ತಿಪ್ರತ್ಯಯವಿಲ್ಲ, ಆದುದರಿಂದ ಅದು ಲೋಪವಾಗುವ ಪ್ರಶ್ನೆಯೂ ಇಲ್ಲ. ಅಲ್ಲಿ ಕಳಚಿಕೊಳ್ಳುವುದು 'ಎ', 'ದಿ' ಎಂಬ ಗುಣವಾಚಿಗಳು. 'ಟೇಕ್ ಪ್ಲೇಸ್' ಎಂದರೆ ಸಂಭವಿಸು; 'ಟೇಕ್ ದಿ ಪ್ಲೇಸ್ ಆಫ್' ಎಂದರೆ ಒಬ್ಬರ ಸ್ಥಾನವನ್ನು ತುಂಬು. 'ಗೋ ಟು ಸ್ಕೂಲ್' ಎಂದರೆ ಓದಲು ಹೋಗು. 'ಗೋ ಟು ದಿ ಸ್ಕೂಲ್' ಎಂದರೆ ನಿರ್ದಿಷ್ಟವಾದ ಆ ಶಾಲೆಗೆ ಹೋಗು. 'ಕ್ಯಾಚ್ ಫೈರ್', 'ಲೂಸ್ ಹಾರ್ಟ್', 'ಸೆಟ್ ಫುಟ್' ಇವೆಲ್ಲವೂ ಇದೇ ಜಾತಿಯವು. ಕನ್ನಡವು ಪ್ರತ್ಯಯವನ್ನು ಬಿಡುವುದರಿಂದಲೂ ಇಂಗ್ಲಿಷ್ ಗುಣವಾಚಿಯನ್ನು ಬಿಡುವುದರಿಂದಲೂ ಸಾಧಿಸುವುದು ಒಂದನ್ನೇ: ನಾಮಪದವು ವಸ್ತುವನ್ನು ಸೂಚಿಸುವುದನ್ನು ನಿಲ್ಲಿಸಿ ಕ್ರಿಯೆಯೊಳಗೆ ಲೀನವಾಗಿದೆ ಎಂಬ ಸೂಚನೆ. ಎಲ್ಲ ಸಂಯೋಗಗಳಿಗೂ ಇದು ಅನ್ವಯಿಸದು. 'ಮೇಕ್ ಎ ಮಿಸ್ಟೇಕ್' ಎಂಬಲ್ಲಿ ಗುಣವಾಚಿ ಉಳಿದಿದೆ, ಅಂತೆಯೇ ಆ ನಾಮಪದವನ್ನು ಬೇರ್ಪಡಿಸಿ ವಿಶೇಷಿಸಲೂ ಬಹುದು. ಬೆಸುಗೆಯಲ್ಲಿ ಹೀಗೆ ತರತಮವಿದೆ. ಗುಣವಾಚಿ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕಂಗೆಡುವ ವಿದ್ಯಾರ್ಥಿಗೆ 'ಕೈ ಕೊಡು' ಎಂಬ ಒಂದು ಉದಾಹರಣೆ ಉದ್ದನೆಯ ನಿಯಮಪಟ್ಟಿಗಿಂತ ಹೆಚ್ಚು ಬೆಳಕು ನೀಡೀತು.

ಉಪಸರ್ಗಾವ್ಯಯಗಳ ವಿಷಯವೂ ಹೀಗೆಯೇ. ಕನ್ನಡದಲ್ಲಿ 'ಹಾಡನ್ನು' ಕೇಳುತ್ತಾರೆ, 'ಹುಲಿಗೆ' ಹೆದರುತ್ತಾರೆ, ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತಾರೆ. ಆದುದರಿಂದ ಕನ್ನಡಿಗನು 'ಲಿಸನ್' ಜೊತೆಗಿನ 'ಟು' ಎಂಬುದನ್ನು ಮರೆಯುವುದೂ, 'ಡಿಸ್ಕಸ್' ಜೊತೆಗೆ ಬೇಡವಾದ 'ಅಬೌಟ್' ಸೇರಿಸುವುದೂ ಅಜ್ಞಾನದ ಫಲವಲ್ಲ. ಅವನು ತನ್ನ ಭಾಷೆಯ ಕಾರಕವ್ಯವಸ್ಥೆಗೆ ನಿಷ್ಠನಾಗಿದ್ದಾನೆ. ಇಂಗ್ಲಿಷ್ ತನ್ನಷ್ಟಕ್ಕೆ ತಾನೇ ಸುಸಂಗತವಾಗಿಯೇನೂ ಇಲ್ಲ. 'ಡಿಪೆಂಡ್' ಎಂಬುದು 'ಆನ್' ಬೇಡುತ್ತದೆ, ಅದರ ಸಂಬಂಧಿಯಾದ 'ಇಂಡಿಪೆಂಡೆಂಟ್' ಎಂಬುದು 'ಆಫ್' ಬೇಡುತ್ತದೆ. ಇಲ್ಲಿ ತಪ್ಪನ್ನು ತಿದ್ದಿದರೆ ಸಾಲದು, ಅದರ ಕಾರಣವನ್ನೂ ಹೇಳಬೇಕು.

ಈ ಅರಿವಿನ ಅಗತ್ಯ ಇಂಗ್ಲಿಷ್ ಕಲಿಕೆಗಷ್ಟೇ ಸೀಮಿತವಲ್ಲ. ಇಂಗ್ಲಿಷಿನ ಸಂಯೋಗಗಳು ಅನುವಾದದ ಮೂಲಕ ಕನ್ನಡ ಗದ್ಯವನ್ನೂ ಹೊಕ್ಕಿವೆ. 'ಬೆಳಕು ಚೆಲ್ಲು' ಎಂಬಂತಹವು ಕನ್ನಡದ ಜಾಯಮಾನಕ್ಕೆ ಒಗ್ಗಿ ಸೊಗಸಾಗಿ ನೆಲೆಸಿವೆ. ಅವನ್ನು ಮಡಿವಂತಿಕೆಯಿಂದ ದೂಡಬೇಕಾಗಿಲ್ಲ. ಆದರೆ 'ಮಳೆಯನ್ನು ಅವಲಂಬಿಸಿದ ಬೆಳೆ' ಎಂಬುದು 'ಮಳೆಯ ಮೇಲೆ ಅವಲಂಬಿತವಾದ ಬೆಳೆ'ಯಾದಾಗ ಬದಲಾಗುವುದು ಪದವಲ್ಲ, ವಿಭಕ್ತಿಯ ಬಳಕೆ. ಯಾವುದು ಪುಷ್ಟಿ, ಯಾವುದು ಪಲ್ಲಟ ಎಂದು ವಿವೇಚಿಸಲು ಎರಡೂ ಭಾಷೆಗಳ ಪದಸಹವಾಸದ ತಿಳಿವಳಿಕೆ ಅನಿವಾರ್ಯ.

ಇದು ಇಂಗ್ಲಿಷ್ ವಿಭಾಗದ ಕೆಲಸವೆಂಬ ಆಕ್ಷೇಪ ಸಹಜ. ಆದರೆ ಇಂಗ್ಲಿಷ್ ಪದಸಂಯೋಗದ ನಿಘಂಟುಗಳು ಇಂಗ್ಲಿಷಿಗೆ ಈಗಾಗಲೇ ಇವೆ; 1986ರ ಬಿಬಿಐ ನಿಘಂಟು, 2002ರ ಆಕ್ಸ್‌ಫರ್ಡ್ ನಿಘಂಟು ಪ್ರಸಿದ್ಧವಾಗಿವೆ. ಅವು ಕನ್ನಡಿಗನು ಎಲ್ಲಿ ಎಡವುತ್ತಾನೆಂಬುದನ್ನು ಹೇಳಲಾರವು. ಆಗಬೇಕಾದುದು ಕನ್ನಡ ನಾಮಪದದಿಂದ ಹೊರಡುವ ತೌಲನಿಕ ನಿಘಂಟು. 'ಗಮನ' ಎಂಬ ನಮೂದಿನಡಿ ಕನ್ನಡದ 'ಕೊಡು', 'ಹರಿಸು', 'ಸೆಳೆ' ಇರಬೇಕು. ಎದುರಿಗೆ ಇಂಗ್ಲಿಷ್ ಗಮನವನ್ನು ಕೊಡುವುದಕ್ಕಿಂತ ಹಣದಂತೆ 'ಪೇ' ಮಾಡುತ್ತದೆ, ಅದಕ್ಕೆ 'ಟು' ಬೇಡುತ್ತದೆ ಎಂಬ ವಿವರವಿರಬೇಕು. 'ಸಾಲ' ಎಂಬಲ್ಲಿ ಕನ್ನಡಿಗರು ಸಾಲವನ್ನು ಮಾಡುತ್ತಾರೆ, ಎತ್ತುತ್ತಾರೆ, ತೀರಿಸುತ್ತಾರೆ ಎಂಬುದರ ಎದುರಿಗೆ 'ಟೇಕ್ ಔಟ್', 'ಪೇ ಆಫ್' ಬರಬೇಕು. ಸ್ನಾತಕೋತ್ತರ ತರಗತಿಯ ಭಾಷಾಶಾಸ್ತ್ರ ಪತ್ರಿಕೆಯಲ್ಲಿ ವಿದ್ಯಾರ್ಥಿಗಳಿಂದಲೇ ಇಂತಹ ನಮೂದುಗಳನ್ನು ಸಂಗ್ರಹಿಸಿ ಈ ಕಾರ್ಯವನ್ನು ಆರಂಭಿಸಬಹುದು.

ಕನ್ನಡ ಎಂ.ಎ. ಮುಗಿಸಿದ ವಿದ್ಯಾರ್ಥಿ ಸಂದರ್ಶನದಲ್ಲಿ ಇಂಗ್ಲಿಷ್ ಪ್ರಶ್ನೆಯ ಎದುರು ಮೌನವಾಗುವುದು ಪದಗಳು ತಿಳಿಯದ ಕಾರಣದಿಂದಲೇ ಅಲ್ಲ. ತಿಳಿದ ಪದಗಳು ಒಂದರ ಪಕ್ಕ ಇನ್ನೊಂದು ಕೂರುತ್ತವೆಯೇ ಎಂಬ ಶಂಕೆಯಿಂದ. ಆ ಶಂಕೆಗೆ ಬುದ್ಧಿಯ ಕೊರತೆ ಕಾರಣವಲ್ಲವೆಂದು, ಎರಡು ರೂಢಿಗಳ ನಡುವಣ ಅಂತರ ಕಾರಣವೆಂದು ಅವನಿಗೆ ಅವನದೇ ವ್ಯಾಕರಣದ ಮಾತಿನಲ್ಲಿ ತಿಳಿಸಿಕೊಡುವ ಹೊಣೆ ಕನ್ನಡ ಅಧ್ಯಾಪಕರದು.