ಕೇಳುವ ಕಿವಿಯೇ ಮೊದಲ ಕಾವಲು

ನಮ್ಮ ಜಿಲ್ಲೆಯಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯುತ್ತವೆ. ಎಡನೀರಿನಂಥ ಊರಿನ ತಾಯಿಯೊಬ್ಬಳು ಮಗುವಿನ ಕೈಗೆ ಕೊಡೆ ಕೊಟ್ಟು ಕಳುಹಿಸುವಾಗ ಅವಳ ಮನಸ್ಸಿನಲ್ಲಿ ಹಲವು ಪ್ರಶ್ನೆಗಳಿರುತ್ತವೆ. ತೋಡಿನ ಸಂಕ ಗಟ್ಟಿಯಾಗಿದೆಯೆ? ಚೆರ್ಕಳದ ಹೆದ್ದಾರಿಯನ್ನು ದಾಟಿಸುವವರು ಯಾರಾದರೂ ಇದ್ದಾರೆಯೆ? ತರಗತಿಯ ಮಾಡು ಸೋರುತ್ತಿದೆಯೆ? ಈ ಪ್ರಶ್ನೆಗಳನ್ನು ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಕೇಳುತ್ತಾರೆ, ಪತ್ರಿಕೆಗಳೂ ಬರೆಯುತ್ತವೆ. ಆದರೆ ಇವುಗಳ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಬಹಳ ಸಲ ಹಿಂದೆಯೇ ಉಳಿದುಬಿಡುತ್ತದೆ. ಶಾಲೆಯಲ್ಲಿ ಮಗುವಿಗೆ ಏನಾದರೂ ಆದರೆ ಅದನ್ನು ಅದು ಯಾರೊಡನೆ, ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತದೆ? ಹೇಳಿದ್ದು ಕೇಳಿದವರಿಗೆ ತಿಳಿಯುತ್ತದೆಯೆ? ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಿಮ್ಮ ಮುಂದೆ ನಾನು ಇಡಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಮೊದಲ ಬಗೆಯ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. 2023ರ ಜುಲೈ 3ರಂದು ನಮ್ಮದೇ ಜಿಲ್ಲೆಯ ಅಂಗಡಿಮೊಗರಿನ ಸರ್ಕಾರಿ ಶಾಲೆಯಲ್ಲಿ, ಮಳೆಯ ನಡುವೆ ಮನೆಗೆ ಹೊರಟಿದ್ದ ಆರನೆಯ ತರಗತಿಯ ಬಾಲಕಿಯ ಮೇಲೆ ಮರ ಉರುಳಿ ಆಕೆ ತೀರಿಕೊಂಡಳು. ಅದಕ್ಕೂ ಹಿಂದಿನ ವರ್ಷದ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ತುಂಬಿ ಹರಿಯುತ್ತಿದ್ದ ಹಳ್ಳದ ಪಾಲಾದಳು. 2025ರ ಜುಲೈ 17ರಂದು ಕೊಲ್ಲಂ ಜಿಲ್ಲೆಯ ತೇವಲಕ್ಕರದ ಶಾಲೆಯಲ್ಲಿ ಎಂಟನೆಯ ತರಗತಿಯ ಬಾಲಕನ ಚಪ್ಪಲಿ ಸೈಕಲ್ ಶೆಡ್ಡಿನ ಮಾಡಿನ ಮೇಲೆ ಬಿತ್ತು. ಅದನ್ನು ತೆಗೆಯಲು ಹತ್ತಿದ ಹುಡುಗ ಅಲ್ಲಿ ಹಾದುಹೋಗಿದ್ದ ವಿದ್ಯುತ್ ತಂತಿ ತಗಲಿ ಮರಣ ಹೊಂದಿದ. ಮರ, ಸಂಕ, ತಂತಿ, ಇವು ಮೂರೂ ದೊಡ್ಡವರ ಕಣ್ಣಿಗೆ ದಿನವೂ ಬೀಳುವ ವಸ್ತುಗಳು. ಕುಂಭಕೋಣದ ಶಾಲೆಯಲ್ಲಿ 2004ರ ಜುಲೈ 16ರಂದು 94 ಮಕ್ಕಳು ಬೆಂಕಿಗೆ ಬಲಿಯಾದ ಬಳಿಕ ಸಲ್ಲಿಕೆಯಾದ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತು: ಶಿಕ್ಷಣದ ಹಕ್ಕೆಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು. ಶಾಲೆಯ ಸುರಕ್ಷತೆ ಆಡಳಿತದ ಔದಾರ್ಯವಲ್ಲ, ಮಗುವಿಗೆ ಸಲ್ಲಬೇಕಾದ ಹಕ್ಕು ಎಂಬುದು ಅಂದಿನಿಂದ ನಿರ್ವಿವಾದ.

ಇಷ್ಟನ್ನು ಒಪ್ಪಿಕೊಂಡ ಮೇಲೆ ವಯನಾಡಿನ ಒಂದು ಪ್ರಸಂಗವನ್ನು ಬೇರೆಯಾಗಿ ನೋಡಬೇಕು. 2019ರ ನವೆಂಬರಿನಲ್ಲಿ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಐದನೆಯ ತರಗತಿಯ ಹುಡುಗಿಯನ್ನು ಕಚ್ಚಿತು. ಹಾವು ಕಚ್ಚಿತೆಂದು ಮಗು ಹೇಳಿದರೂ ಆಸ್ಪತ್ರೆಗೆ ಒಯ್ಯಲು ತಡವಾಯಿತೆಂದು ಅವಳ ಸಹಪಾಠಿಗಳು ಎಲ್ಲರೆದುರು ಹೇಳಿದರು. ಬಿಲ ಮುಚ್ಚದಿದ್ದದ್ದು ಒಂದು ಲೋಪವಾದರೆ, ಮಗುವಿನ ಮಾತನ್ನು ಕೂಡಲೇ ನಂಬದಿದ್ದದ್ದು ಇನ್ನೊಂದು. ಮೊದಲನೆಯದನ್ನು ಸಿಮೆಂಟಿನಿಂದ ಸರಿಪಡಿಸಬಹುದು. ಎರಡನೆಯದಕ್ಕೆ ಬೇಕಾದದ್ದು ಕೇಳಿಸಿಕೊಳ್ಳುವ ಮನಸ್ಸು. ಶಾಲೆಯ ಬಹುಪಾಲು ಅಪಾಯಗಳನ್ನು ಮೊದಲು ಅರಿಯುವವರು ಮಕ್ಕಳೇ. ಗೋಡೆಯ ಬಿರುಕಿನ ಬಳಿ ಆಡುವವರು ಅವರು, ಬಸ್ಸಿನಲ್ಲಿ ಯಾರ ನಡವಳಿಕೆ ಸರಿಯಿಲ್ಲವೆಂದು ತಿಳಿದವರೂ ಅವರು. ಅವರ ಮಾತು ದೊಡ್ಡವರನ್ನು ಮುಟ್ಟಿದರೆ ಮಾತ್ರ ಉಳಿದ ವ್ಯವಸ್ಥೆಗಳೆಲ್ಲ ಕೆಲಸಮಾಡುತ್ತವೆ.

ಬತ್ತೇರಿಯಲ್ಲಿ ಮಗು ಆಡಿದ ಭಾಷೆ ಶಿಕ್ಷಕರಿಗೆ ಅರ್ಥವಾಗುವ ಭಾಷೆಯೇ ಆಗಿತ್ತು. ಕಾಸರಗೋಡಿನಲ್ಲಿ ಅದಕ್ಕೂ ಮೊದಲಿನ ತೊಡಕೊಂದಿದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ದಿನದಿಂದ ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಭಾಷಾ ಅಲ್ಪಸಂಖ್ಯಾತರ ಶಾಲೆಗಳಾಗಿ ನಡೆದುಬಂದಿವೆ. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗಳಿಗೆ ನೇಮಕವಾಗುವ ದೂರು ಇಲ್ಲಿ ಹಳೆಯದು. ಇತ್ತೀಚಿನ ವರ್ಷಗಳಲ್ಲಿ ಅಡೂರಿನ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಯ ಕನ್ನಡ ವಿಭಾಗಕ್ಕೆ ಅಂಥ ನೇಮಕವಾದಾಗ ವಿದ್ಯಾರ್ಥಿಗಳೂ ಹೆತ್ತವರೂ ಪ್ರತಿಭಟಿಸಿದರು, ವಿಷಯ ಹೈಕೋರ್ಟಿನವರೆಗೆ ಹೋಯಿತು. 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದ ಕಥೆಗೂ ಇದೇ ಸಮಸ್ಯೆ ಆಧಾರ. ಆದರೆ ಚರ್ಚೆಯೆಲ್ಲ ನಡೆಯುವುದು ಪಾಠದ ಸುತ್ತ: ಮಕ್ಕಳು ಗಣಿತ ಕಲಿಯುವುದು ಹೇಗೆ, ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುವುದು ಹೇಗೆ ಎಂದು. ಅದು ನ್ಯಾಯವಾದ ಚಿಂತೆಯೇ. ಅಂಕ ಕಡಿಮೆಯಾದರೆ ಮತ್ತೆ ಪರೀಕ್ಷೆ ಬರೆಯಬಹುದು. ನೋವನ್ನೋ ಭಯವನ್ನೋ ಹೇಳಲಾರದೆ ಮನೆಗೆ ಮರಳಿದ ಮಗುವಿಗೆ ಅಂಥ ಎರಡನೆಯ ಅವಕಾಶ ಇರುವುದಿಲ್ಲ.

ಇದು ಭಾಷಾಭಿಮಾನದ ಅತಿಶಯೋಕ್ತಿಯೆಂದು ಯಾರಾದರೂ ಭಾವಿಸುವುದಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವನ್ನು ಓದಬೇಕು. ಪಠ್ಯಕ್ರಮ ಹೇಗಿರಬೇಕೆಂದು ಹೇಳುವ ಅದರ ಎರಡನೆಯ ಉಪಪ್ರಕರಣದಲ್ಲಿ ಒಂದು ಅಂಶ, ಸಾಧ್ಯವಾದಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ. ಅದರ ಬೆನ್ನಿಗೇ ಬರುವ ಅಂಶ, ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ ತನ್ನ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಹೇಳಲು ಭಾಷೆಯಿಲ್ಲದ ಮಗುವಿಗೆ ನಿರ್ಭಯತೆಯ ಭರವಸೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇನ್ನೂ ನೇರವಾಗಿದೆ. ಮಗು ನೀಡಿದ ಮಾಹಿತಿಯನ್ನು ಅದಕ್ಕೆ ತಿಳಿಯುವ ಸರಳ ಭಾಷೆಯಲ್ಲಿ ದಾಖಲಿಸಬೇಕು, ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು ಎಂದು ಅದರ 19ನೆಯ ಪ್ರಕರಣ ವಿಧಿಸುತ್ತದೆ. ಪೊಲೀಸ್ ಠಾಣೆಯಲ್ಲಿ ದೊರೆಯಬೇಕಾದ ಈ ಸೌಲಭ್ಯ, ಅದಕ್ಕೆ ಬಹಳ ಮೊದಲೇ ತರಗತಿಯಲ್ಲಿ ದೊರೆಯಬೇಕಲ್ಲವೆ?

ನೀವು ಭಾಷೆಯ ವಿದ್ಯಾರ್ಥಿಗಳಾದ್ದರಿಂದ ಒಂದು ಪದದ ಉದಾಹರಣೆ ಕೊಡುತ್ತೇನೆ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಗುವುದನ್ನು ನೀವು ಓದಿದ್ದೀರಿ. ಪಾಲು ಹಾಲಾದಂತೆ ಪೇಡಿ ಹೇಡಿಯಾಯಿತು, ಅರ್ಥ ಅಂಜುಬುರುಕ. ಮಲಯಾಳದಲ್ಲಿ ಅದೇ ‘ಪೇಡಿ’ಗೆ ಭಯವೆಂದರ್ಥ. ಅಳುತ್ತಿರುವ ಮಗುವನ್ನು ಮಲಯಾಳ ಮಾತ್ರ ಬಲ್ಲ ಶಿಕ್ಷಕಿ ಪ್ರೀತಿಯಿಂದಲೇ “ಪೇಡಿಯುಂಡೋ” ಎಂದು ಕೇಳಿದರೂ, ಆ ಭಾಷೆ ಅರಿಯದ ಮಗುವಿಗೆ ತನ್ನನ್ನು ಹೇಡಿಯೆಂದರೋ ಏನೋ ಎನಿಸಬಹುದು. ತುಳುವಿನ ಮಗು ತನ್ನ ‘ಪೋಡಿಗೆ’ಯನ್ನು ಹೇಳಿಕೊಂಡರೆ, ‘ಬಂಜಿಬೇನೆ’ ಎಂದರೆ, ಘಟ್ಟದ ಮೇಲಿನಿಂದ ಬಂದ ಕನ್ನಡ ಶಿಕ್ಷಕರಿಗೂ ಅದು ತಿಳಿಯದೆ ಹೋಗಬಹುದು. ಸಪ್ತಭಾಷೆಗಳ ನಾಡೆಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ನಮ್ಮ ಕನ್ನಡ ಶಾಲೆಗಳಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳೆಲ್ಲ ಇದ್ದಾರೆ. ಆದ್ದರಿಂದ ಮಲಯಾಳ ಶಿಕ್ಷಕರ ಮೇಲೆ ದೂರು ಹೊರಿಸಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯದು. ಪಾಠದ ಭಾಷೆಯನ್ನೂ ಮಕ್ಕಳ ಅಳುವಿನ ಭಾಷೆಯನ್ನೂ ಬಲ್ಲವರು ಪ್ರತಿ ಶಾಲೆಯಲ್ಲೂ ಇರಬೇಕು ಎಂಬುದೇ ನಮ್ಮ ಬೇಡಿಕೆಯಾಗಬೇಕು.

ನಾನು ಓದಿದ್ದು ಕನ್ನಡ-ಮರಾಠಿ ಗಡಿಯ ಊರೊಂದರಲ್ಲಿ, ಎರಡೂ ಭಾಷೆಗಳಲ್ಲಿ. ಅಲ್ಲಿ ಗುರುಗಳೊಬ್ಬರಿದ್ದರು. ಹಾಜರಿ ಕರೆಯುವುದು, ಲೆಕ್ಕ ಹೇಳಿಸುವುದು ಎಲ್ಲವೂ ಮರಾಠಿಯಲ್ಲಿ. ಆದರೆ ಕನ್ನಡದ ಹುಡುಗನೊಬ್ಬ ಮಂಕಾಗಿ ಕುಳಿತಿದ್ದರೆ ಬಳಿಗೆ ಬಂದು ಕನ್ನಡದಲ್ಲೇ “ಏನಾಗೇದಪಾ?” ಎಂದು ಕೇಳುತ್ತಿದ್ದರು. ಅವರ ಕನ್ನಡ ಶುದ್ಧವಾಗಿರಲಿಲ್ಲ, ಅದರಿಂದ ನಮಗೇನೂ ನಷ್ಟವಾಗಲಿಲ್ಲ. ಶಾಲೆಯಲ್ಲಿ ನಮ್ಮ ಮಾತು ತಿಳಿಯುವವರು ಒಬ್ಬರಿದ್ದಾರೆ ಎಂಬ ಧೈರ್ಯ ನಮಗಿತ್ತು. ಆ ಗಡಿಯ ಅನುಭವದಿಂದಲೇ ಹೇಳುತ್ತೇನೆ: ಕಾಸರಗೋಡಿನ ಕನ್ನಡ ಮಗುವಿಗೆ ನಾವು ಕೇಳುವ ನ್ಯಾಯ ಜತ್ತ, ಅಕ್ಕಲಕೋಟೆಗಳ ಕನ್ನಡ ಮಗುವಿಗೂ ಸಲ್ಲಬೇಕು, ಕರ್ನಾಟಕದ ಖಾನಾಪುರ, ನಿಪ್ಪಾಣಿಗಳ ಮರಾಠಿ ಮಗುವಿಗೂ ಸಲ್ಲಬೇಕು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350-ಎ ವಿಧಿ ಎಲ್ಲ ರಾಜ್ಯಗಳಿಗೂ ಒಂದೇ.

ಮಕ್ಕಳು ಮಲಯಾಳ ಕಲಿತರೆ ಈ ತೊಡಕೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಮಲಯಾಳವನ್ನು ನಮ್ಮ ಮಕ್ಕಳು ಕಲಿಯಲೇಬೇಕು ಎಂದು ನಾನೂ ಹೇಳುತ್ತೇನೆ. ಬಸ್ಸಿನ ಫಲಕ, ಆಸ್ಪತ್ರೆಯ ಚೀಟಿ, ಠಾಣೆಯ ಸೂಚನೆ ಇವನ್ನೆಲ್ಲ ಓದಲು ಬಾರದ ಮಗುವೂ ಸುರಕ್ಷಿತವಲ್ಲ. ಆದರೆ ಕಲಿಯಲು ವರ್ಷಗಳು ಬೇಕು, ನೋವು ಅಷ್ಟು ದಿನ ಕಾಯುವುದಿಲ್ಲ. ಅಷ್ಟೇ ಅಲ್ಲ, ಎರಡು ಭಾಷೆ ಚೆನ್ನಾಗಿ ಬಲ್ಲ ಮಗುವೂ ನಾಚಿಕೆಯ ಅಥವಾ ಹೆದರಿಕೆಯ ವಿಷಯವನ್ನು ಮನೆಮಾತಿನಲ್ಲೇ ಹೇಳಿಕೊಳ್ಳಲು ಬಯಸುತ್ತದೆ. ಇದು ದೊಡ್ಡವರಾದ ನಮ್ಮ ಅನುಭವವೂ ಹೌದು.

ಹಾಗಾದರೆ ಹೆತ್ತವರು ಏನನ್ನು ಕೇಳಬೇಕು? ಶಾಲೆಯ ಸುರಕ್ಷತಾ ಸೂಚನೆಗಳು ಮಲಯಾಳದ ಜೊತೆಗೆ ಕನ್ನಡದಲ್ಲೂ ಗೋಡೆಯ ಮೇಲಿರಬೇಕು. ದೂರು ಪೆಟ್ಟಿಗೆಯಲ್ಲಿ ಬಿದ್ದ ಕನ್ನಡದ ಚೀಟಿಯನ್ನು ಓದಬಲ್ಲವರು ಅದನ್ನು ತೆರೆಯಬೇಕು. ಆಪ್ತಸಮಾಲೋಚಕರ ಬಳಿ ಮಗು ತನ್ನ ಮಾತಿನಲ್ಲಿ ಹೇಳಿಕೊಳ್ಳುವಂತಿರಬೇಕು. 1098ಕ್ಕೆ ಕರೆಮಾಡಿದ ಎಡನೀರಿನ ಮಗುವಿಗೆ ಕನ್ನಡದಲ್ಲಿ ಉತ್ತರ ಸಿಗಬೇಕು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಆಗಿರಬೇಕೆಂದೂ ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕೆಂದೂ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಸಮಿತಿಯ ನಡಾವಳಿ ತಾಯಂದಿರಿಗೆ ತಿಳಿಯುವ ಭಾಷೆಯಲ್ಲಿರದಿದ್ದರೆ ಅವರು ಸಹಿಹಾಕಲು ಮಾತ್ರ ಬಂದವರಾಗುತ್ತಾರೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ಎಡನೀರಿನ ಹೆಸರು ದೇಶದ ಎಲ್ಲ ಕಾನೂನು ಕಾಲೇಜುಗಳಿಗೂ ಪರಿಚಿತ. ಇಲ್ಲಿನ ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪಿತ್ತು, ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಶಾಲೆಗೂ ಅಂಥದೊಂದು ಮೂಲ ಸಂರಚನೆ ಇದೆಯೆಂದು ನನ್ನ ಭಾವನೆ. ಪಠ್ಯ ಬದಲಾಗಬಹುದು, ಸಮಯಪಟ್ಟಿ ಬದಲಾಗಬಹುದು, ಸರ್ಕಾರಗಳೂ ಬದಲಾಗಬಹುದು. ಮಗು ಹೇಳಿದ್ದನ್ನು ತಿಳಿದುಕೊಂಡು ಅದರಂತೆ ಕೂಡಲೇ ನಡೆಯುವ ಒಬ್ಬ ಹಿರಿಯರು ಶಾಲೆಯಲ್ಲಿರಬೇಕೆಂಬುದು ಮಾತ್ರ ಬದಲಾಗಬಾರದು.

ಐಚ್ಛಿಕ ಕನ್ನಡ ಓದಿ ಏನು ಪ್ರಯೋಜನವೆಂದು ನಿಮ್ಮನ್ನು ಮನೆಯಲ್ಲೂ ಹೊರಗೂ ಕೇಳುತ್ತಿರುತ್ತಾರೆ. ನಿಮ್ಮಲ್ಲಿ ಕೆಲವರು ನಾಳೆ ಇದೇ ಶಾಲೆಗಳಲ್ಲಿ ಶಿಕ್ಷಕರಾಗುತ್ತೀರಿ, ಕೆಲವರು ನ್ಯಾಯಾಲಯಗಳಲ್ಲಿ, ಕಚೇರಿಗಳಲ್ಲಿ ಭಾಷಾಂತರ ಮಾಡುತ್ತೀರಿ. ಕನ್ನಡವನ್ನೂ ಮಲಯಾಳವನ್ನೂ ಮನೆಮಾತನ್ನೂ ಬಲ್ಲ ನಿಮ್ಮಂಥವರು ಈ ಜಿಲ್ಲೆಗೆ ಎಷ್ಟಿದ್ದರೂ ಕಡಿಮೆಯೇ. ಅದಕ್ಕಾಗಿ ಪದವಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ತಮ್ಮತಂಗಿಯರ ಶಾಲೆಗೆ ಬಂದ ಸುರಕ್ಷತೆಯ ಸುತ್ತೋಲೆಯೊಂದನ್ನು ಈ ತಿಂಗಳು ತನ್ನಿ. ತರಗತಿಯಲ್ಲಿ ಕುಳಿತು ಅದನ್ನು ಕನ್ನಡಕ್ಕೆ ತರೋಣ, ಎಂಟು ವರ್ಷದ ಮಗುವಿಗೂ ಅದರ ಅಕ್ಷರ ಬಾರದ ಅಜ್ಜಿಗೂ ಓದಿ ಹೇಳಿದರೆ ತಿಳಿಯುವಂತೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಅದು ಶಾಲೆಯ ಗೋಡೆಯನ್ನೂ ಸೇರಲಿ.