ಸುಳ್ಳು ಮೊಲದ ಕೂಗು

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಚಳಿಗಾಲ ಬಂತೆಂದರೆ ಗಾಳಿಗೆ ಬಿಡುವೆಂಬುದಿಲ್ಲ. ರಾಕಿ ಪರ್ವತಗಳ ನಡುವಣ ತಗ್ಗಿನ ಮೂಲಕ ನುಗ್ಗಿಬರುವ ಪಡುವಣ ಗಾಳಿಯು ಹೆದ್ದಾರಿಯ ಮೇಲಿನ ಖಾಲಿ ಲಾರಿಗಳನ್ನು ಮಗುಚಿ ಹಾಕುವುದೂ ಉಂಟು. ಮರವಿಲ್ಲದ ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಸೇಜ್ ಎಂಬ ಬೂದುಬಣ್ಣದ ಕುರುಚಲು ಗಿಡ. ಅದರ ಮರೆಯಲ್ಲಿ ಮೊಲ. ಮೊಲದ ಬೆನ್ನ ಹಿಂದೆ ಕಯೋಟಿ. ಈ ಕಯೋಟಿಯನ್ನು ಅರಸಿ ಅಲೆಯದೆ, ತಾನು ಕುಳಿತಲ್ಲಿಗೇ ಕರೆಸಿಕೊಂಡು ಹೊಡೆಯುವ ಬೇಟೆಗಾರನ ವಿದ್ಯೆಗೆ ಗಾಳಿಗಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ.

ಕಯೋಟಿಯು ನಮ್ಮ ಗುಳ್ಳೆನರಿಯ ದಾಯಾದಿ. ತೋಳಕ್ಕಿಂತ ಚಿಕ್ಕದು, ನರಿಗಿಂತ ಎತ್ತರವಾದುದು. ತೂಕ ಸಾಮಾನ್ಯವಾಗಿ 10ರಿಂದ 20 ಕಿಲೋಗ್ರಾಂ. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟಲ್ ಭಾಷೆಯ ‘ಕೊಯೋಟ್ಲ್’ ಎಂಬ ಮಾತೇ ಸ್ಪೇನಿನವರ ಬಾಯಲ್ಲಿ ಸವೆದು ಈ ಹೆಸರಾಯಿತು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿಯು ಇದಕ್ಕೆ ‘ಬೊಗಳುವ ನಾಯಿ’ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ವಲಸೆಗಾರರು ತೋಳಗಳನ್ನು ನಿರ್ಮೂಲ ಮಾಡಿದಂತೆಲ್ಲ ತೆರವಾದ ನೆಲವನ್ನು ಕಯೋಟಿ ಆಕ್ರಮಿಸಿತು. ವಿಷ, ಬೋನು, ವಿಮಾನದಿಂದ ಹಾರಿಸಿದ ಗುಂಡು ಎಲ್ಲವನ್ನೂ ಕಂಡುಂಡ ಮೇಲೆಯೂ ಅದು ಇಂದು ಅಲಾಸ್ಕದಿಂದ ಪನಾಮದವರೆಗೆ ಹರಡಿದೆ. ಷಿಕಾಗೋ ನಗರದೊಳಗೂ ಮರಿ ಹಾಕಿ ಬದುಕುತ್ತಿದೆ.

ಕುರಿ ಸಾಕುವವನಿಗೆ ಈ ಬುದ್ಧಿವಂತಿಕೆಯಲ್ಲಿ ಯಾವ ಸೊಗಸೂ ಕಾಣದು. ವಸಂತದಲ್ಲಿ ಈದ ಕುರಿಯ ಪಕ್ಕದಲ್ಲಿ, ಗಂಟಲು ಕಚ್ಚಿಸಿಕೊಂಡು ಬಿದ್ದ ಮರಿಯನ್ನು ಬೆಳಗ್ಗೆ ಎದ್ದು ನೋಡಬೇಕಾದವನು ಅವನು. ಆದಕಾರಣ, ಮರಿ ಹುಟ್ಟುವ ಕಾಲಕ್ಕೆ ಮೊದಲೇ ಅವನು ಕರೆಯುವ ಬೇಟೆಗಾರರನ್ನು ತನ್ನ ಜಮೀನಿನೊಳಕ್ಕೆ ಬಿಟ್ಟುಕೊಳ್ಳುತ್ತಾನೆ.

ಕರೆಯುವುದೆಂದರೆ ಸಾಯುತ್ತಿರುವ ಮೊಲದಂತೆ ಕೂಗುವುದು. ಹದ್ದಿನ ಉಗುರಿಗೋ ಮುಳ್ಳುತಂತಿಗೋ ಸಿಕ್ಕ ಮೊಲವು ಎಳೆಮಗುವಿನಂತೆ ಚೀರುತ್ತದೆ. ಬಾಯಲ್ಲಿ ಊದುವ ಸಣ್ಣದೊಂದು ಪೀಪಿಯಿಂದ ಆ ಚೀರಾಟವನ್ನು ಹೊರಡಿಸಬಹುದು. ಟೆಕ್ಸಸ್ ರಾಜ್ಯದ ಮಾರ್ಬಲ್ ಫಾಲ್ಸ್ ಎಂಬ ಊರಿನ ಬರ್ನಹ್ಯಾಮ್ ಸಹೋದರರು 1950ರ ದಶಕದಲ್ಲಿ ಇಂಥ ಪೀಪಿಗಳನ್ನು ಮಾರಿ ಹೆಸರಾದರು. ಈಗ ವಿದ್ಯುತ್ ಧ್ವನಿಯಂತ್ರಗಳೂ ಬಂದಿವೆ. ಯಂತ್ರವನ್ನು ಐವತ್ತು ಗಜ ಆಚೆಗಿಟ್ಟು, ಕೈಯಲ್ಲಿಯ ಗುಂಡಿ ಒತ್ತಿದರೆ ಸಾಕು. ಹಸಿವೆಯನ್ನೇ ಬಲೆಯಾಗಿ ಒಡ್ಡುವ ಈ ಉಪಾಯ ಅಷ್ಟೇನೂ ಅಂದವಾದುದಲ್ಲ. ಆದರೆ ವಿಷಕ್ಕಿಂತ ವಾಸಿ, ಹೊಡೆಯುವವನು ತಾನು ಹೊಡೆಯುವ ಪ್ರಾಣಿಯ ಮುಖವನ್ನಾದರೂ ನೋಡಬೇಕಾಗುತ್ತದೆ.

ಗಾಳಿಯಿಲ್ಲದ ನಸುಕಿನಲ್ಲಿ ಈ ಕೂಗು ಒಂದು ಮೈಲಿಯಾಚೆಗೂ ಕೇಳಿಸೀತು. ಗಾಳಿ ಎದ್ದ ಮೇಲೆ ಕಥೆಯೇ ಬೇರೆ. ನೆಲದ ಬಳಿ ಗಿಡಗಂಟಿಗಳ ತಡೆಯಿಂದ ಗಾಳಿಯ ವೇಗ ಕಡಿಮೆ. ಮೇಲೆ ಹೋದಂತೆ ಹೆಚ್ಚು. ಈ ವ್ಯತ್ಯಾಸದಿಂದಾಗಿ, ಗಾಳಿಗೆ ಎದುರಾಗಿ ಹೊರಟ ಧ್ವನಿಯು ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತದೆ. ಗಾಳಿಯೊಡನೆ ಹೊರಟದ್ದು ನೆಲದತ್ತ ಬಾಗಿ ಬಹುದೂರ ಸಾಗುತ್ತದೆ. ಬೇಟೆಗಾರನ ಸಂಕಟವೆಲ್ಲ ಇಲ್ಲಿಯೇ ಇದೆ. ಧ್ವನಿ ಸಾಗುವ ದಿಕ್ಕಿಗೇ ಅವನ ಮೈವಾಸನೆಯೂ ಸಾಗುತ್ತದೆ! ಕೂಗನ್ನು ಚೆನ್ನಾಗಿ ಕೇಳಿದ ಕಯೋಟಿಯೇ ಮನುಷ್ಯನ ವಾಸನೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ವಾಸನೆ ಸಿಗದ ಕಡೆ ಇರುವುದಕ್ಕೆ ಕೂಗು ಕೇಳಿಸುವುದೇ ಕಷ್ಟ. ಅದೂ ಅಲ್ಲದೆ, ಕರೆಗೆ ಓಗೊಟ್ಟ ಕಯೋಟಿ ನೇರವಾಗಿ ಬರುವುದು ಅಪರೂಪ. ಸುತ್ತು ಹಾಕಿ, ಕೂಗಿದವನಿಂದ ಗಾಳಿ ಬೀಸಿ ಬರುವ ಮಗ್ಗುಲಿಗೆ ಹೋಗಿ, ಮೂಗೆತ್ತಿ ವಿಚಾರಿಸಿಕೊಂಡೇ ಹತ್ತಿರ ಸುಳಿಯುತ್ತದೆ. ಗಿಡವೆಲ್ಲ ಅಲ್ಲಾಡುವಾಗ ಕಣ್ಣನ್ನು ನಂಬುವಂತಿಲ್ಲ, ಗಾಳಿಯ ಸದ್ದಿನಲ್ಲಿ ಕಿವಿಯನ್ನೂ ನಂಬುವಂತಿಲ್ಲ ಎಂದು ಅದು ಬಲ್ಲದು.

ಬಲ್ಲ ಬೇಟೆಗಾರನು ಇದಕ್ಕೆ ತಕ್ಕಂತೆ ಹೂಡುತ್ತಾನೆ. ಗಾಳಿಯ ದಿನ ಕಯೋಟಿಗಳು ದಿಬ್ಬದ ಮರೆಯಲ್ಲಿ, ಹಳ್ಳದ ಇಳಿಜಾರಿನಲ್ಲಿ, ಬಿಸಿಲು ಬೀಳುವ ಕಡೆ ಮುದುಡಿ ಮಲಗಿರುವುದರಿಂದ ಅಂಥ ತಾಣಗಳ ಹತ್ತಿರಕ್ಕೇ ಹೋಗಿ ಕೂರುತ್ತಾನೆ. ಶಾಂತವಾದ ದಿನ ಒಂದೊಂದು ಮೈಲಿಗೆ ಒಮ್ಮೆ ಕರೆಯುವವನು ಇಂದು ಕಾಲು ಮೈಲಿಗೊಮ್ಮೆ ಕರೆಯಬೇಕು. ಗಾಳಿ ಅವನಿಗೂ ಒಂದು ಉಪಕಾರ ಮಾಡುತ್ತದೆ: ಹೆಜ್ಜೆಯ ಸಪ್ಪಳವನ್ನು ಮುಚ್ಚಿಹಾಕುತ್ತದೆ. ಸಣ್ಣ ಸೀಸೆಯಿಂದ ಪುಡಿಯನ್ನು ಚಿಮುಕಿಸಿ ಗಾಳಿ ಹೋಗುವ ದಾರಿಯನ್ನು ನೋಡಿಕೊಂಡು, ಅಡ್ಡಗಾಳಿಗೆ ಕೂರುತ್ತಾನೆ; ಕಯೋಟಿ ಸುತ್ತು ಹಾಕುವ ಮಗ್ಗುಲಿನಲ್ಲಿ ಗಿಡವಿಲ್ಲದ ಬಯಲಿರುವಂತೆ ನೋಡಿಕೊಳ್ಳುತ್ತಾನೆ. ವಾಸನೆಯ ಹಾದಿಯನ್ನು ಮುಟ್ಟುವ ಮೊದಲು ಅದು ಆ ಬಯಲನ್ನು ದಾಟಲೇಬೇಕು. ಜೊತೆಗಾರನಿದ್ದರೆ ಚರೆಯ ಕೋವಿ ಕೊಟ್ಟು ಅತ್ತಲೇ ಕೂರಿಸುತ್ತಾನೆ. ಗಾಳಿ ಒಮ್ಮೆ ತಗ್ಗಿದಾಗ ಜೋರಾಗಿ ಊದಿ, ಮತ್ತೆ ಏರಿದಾಗ ಸುಮ್ಮನಾಗುತ್ತಾನೆ.

ಇಷ್ಟಾದ ಮೇಲೆಯೂ ಗುಂಡಿನದೊಂದು ಲೆಕ್ಕ ಉಳಿಯುತ್ತದೆ. ಈ ಬೇಟೆಗೆ ಬಳಸುವ ಹಗುರವಾದ, ಅತಿವೇಗದ ಗುಂಡು ಕೂಡ ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ 200 ಗಜ ಸಾಗುವಷ್ಟರಲ್ಲಿ ನಾಲ್ಕೈದು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಗಾಳಿ ಇಮ್ಮಡಿಯಾದರೆ ಸರಿತವೂ ಇಮ್ಮಡಿ. ದಪ್ಪನೆಯ ತುಪ್ಪಳದೊಳಗೆ ಕಯೋಟಿಯ ಮೈ ನೋಡಲು ಕಾಣುವಷ್ಟು ದೊಡ್ಡದಲ್ಲ. ಎದೆಗೆ ಗುರಿಯಿಟ್ಟ ಗುಂಡು ಹೊಟ್ಟೆಗೆ ತಾಗಿತೆಂದರೆ, ಆ ಪ್ರಾಣಿ ಓಡಿಹೋಗಿ ಯಾವುದೋ ಹಳ್ಳದಲ್ಲಿ ರಾತ್ರಿಯೆಲ್ಲ ನರಳಿ ಸಾಯುತ್ತದೆ. ಹುಡುಕಲು ಹೋದವನಿಗೆ ರಕ್ತದ ಜಾಡು ಕೂಡ ಸಿಗದಂತೆ ಗಾಳಿ ಹಿಮವನ್ನು ಹಾರಿಸಿ ಮುಚ್ಚುತ್ತದೆ. ಗುರಿ ತಪ್ಪಿ ಪಾರಾದದ್ದೋ, ಸುಳ್ಳು ಮೊಲದ ಕೂಗನ್ನು ಗುರುತಿಟ್ಟುಕೊಳ್ಳುತ್ತದೆ; ಮತ್ತೆ ಅದನ್ನು ಕರೆಯುವುದು ದುಸ್ಸಾಧ್ಯ.

ಎಷ್ಟು ಕಯೋಟಿಗಳನ್ನು ಕೊಂದೆವೆಂದು ಎಣಿಸಿ ಬಹುಮಾನ ಹಂಚುವ ಪಂದ್ಯಗಳು ಕೆಲವು ರಾಜ್ಯಗಳಲ್ಲಿ ನಡೆಯುತ್ತಿದ್ದವು. ಅಲ್ಲಿ ಈ ಯೋಚನೆಗಳಿಗೆ ಎಡೆಯಿರಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯವು ಅಂಥ ಬಹುಮಾನಗಳನ್ನು ನಿಷೇಧಿಸಿತು. 2019ರಲ್ಲಿ ನ್ಯೂ ಮೆಕ್ಸಿಕೋ ಇಂಥ ಪಂದ್ಯಗಳನ್ನೇ ನಿಲ್ಲಿಸಿತು. ಒಳ್ಳೆಯ ಕರೆಗಾರನಿಗೆ ಕಾನೂನಿನ ಅಪ್ಪಣೆ ಬೇಕಾಗಿಲ್ಲ. ಬಿರುಗಾಳಿಯ ದಿನ ನೂರು ಗಜದೊಳಗೆ ಬಾರದ ಪ್ರಾಣಿಯ ಮೇಲೆ ಅವನು ಕೋವಿ ಎತ್ತುವುದಿಲ್ಲ. ಸಂಜೆ ಬರಿಗೈಯಲ್ಲಿ ಬಂದವನನ್ನು ಕಂಡು ಕುರಿಗಾರನು ಮುಖ ಸಿಂಡರಿಸಿದರೆ ಅದನ್ನೂ ಸಹಿಸಿಕೊಳ್ಳುತ್ತಾನೆ. ಎರಡು ಮೂರು ದಿನ ಬೀಸಿದ ಗಾಳಿ ಒಂದು ರಾತ್ರಿ ಬಿದ್ದೇ ಬೀಳುತ್ತದೆ. ಅಷ್ಟು ದಿನ ಮರೆಯಲ್ಲಿ ಮುದುಡಿ ಹಸಿದ ಕಯೋಟಿಗಳು ಮರುದಿನ ನಸುಕಿಗೇ ಬಯಲಿಗಿಳಿಯುತ್ತವೆ. ತೋಟಾಗಳನ್ನು ಅವನು ಆ ಬೆಳಗಿಗೆಂದು ಜೇಬಿನಲ್ಲೇ ಉಳಿಸಿಕೊಂಡಿರುತ್ತಾನೆ.